ಸಂಬಳ, ಬಾಡಿಗೆ ಮಾತ್ರ ನೋಡಿದರೆ ಸಾಲದು

ಮಂಗಳೂರು ಬಿಟ್ಟು ಪುಣೆಗೆ ಹೋಗುವವರಿಗಾಗಿ ಬರೆದ ಲೇಖನವೊಂದು ಸಂಬಳ, ಮನೆಬಾಡಿಗೆ ಎರಡನ್ನೇ ತೂಗಿದೆ. ಕೆಎ 19 (ಮಂಗಳೂರು) ನಂಬರಿನ ಕಾರೂ ಜೊತೆಗೆ ಹೋಗುವುದಾದರೆ ಆ ಖರ್ಚನ್ನೂ ಸೇರಿಸಿ. ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿದರೆ ಅಲ್ಲಿನ ನಂಬರ್ ಮಾಡಿಸಲೇಬೇಕು. ಊರು ಬಿಡುವ ಮೊದಲೇ ಇಲ್ಲಿನ ಆರ್‌ಟಿಒದಲ್ಲಿ ಫಾರ್ಮ್ 28 ಕೊಟ್ಟು ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತೆಗೆದುಕೊಳ್ಳಿ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು; ಹಳೇ ಟ್ರಾಫಿಕ್ ದಂಡ ಬಾಕಿ ಇದ್ದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ಪುಣೆಯಲ್ಲಿ ತೆರಿಗೆ ಕಟ್ಟಿ ಹೊಸ ಆರ್‌ಸಿ ಬಂದ ಮೇಲಷ್ಟೇ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸಿನ ಉಳಿಕೆ ವಾಪಸ್ ಕೇಳಬಹುದು. ಅಲ್ಲಿಯವರೆಗೆ ದುಡ್ಡು ಎರಡೂ ಕಡೆ ಸಿಕ್ಕಿಕೊಂಡಿರುತ್ತದೆ. ಹಳೇ ಕಾರಾದರೆ ಇಲ್ಲೇ ಮಾರಿ ಹೋಗುವುದು ವಾಸಿ.

ಮಕ್ಕಳದ್ದು ಇದಕ್ಕಿಂತ ದೊಡ್ಡ ವಿಷಯ. ಸಿಇಟಿಯಲ್ಲಿ ಕರ್ನಾಟಕದ ಇಂಜಿನಿಯರಿಂಗ್ ಸೀಟಿಗೆ ಸಾಮಾನ್ಯವಾಗಿ ಕನಿಷ್ಠ 7 ವರ್ಷ ರಾಜ್ಯದಲ್ಲೇ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲೇ ಪಾಸಾಗಿರಬೇಕು. ಹತ್ತು ಮುಗಿಸಿ ಹೋದ ಮಗುವಿಗೆ ತೊಂದರೆ ಇಲ್ಲ, ಐದನೇ ಕ್ಲಾಸಿನಲ್ಲೇ ಊರು ಬಿಟ್ಟು ಪಿಯುಸಿವರೆಗೂ ಅಲ್ಲೇ ಓದಿದರೆ ಈ ದಾರಿ ಮುಚ್ಚುತ್ತದೆ. ತಂದೆ ತಾಯಿ ಇಲ್ಲಿ ಓದಿದ್ದರೆ ಬೇರೆ ಕಲಮೂ ಉಂಟು, ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮಾಹಿತಿ ಪುಸ್ತಿಕೆ ನೋಡಿ. ಏನೇ ಇರಲಿ, ಟಿಸಿ ತೆಗೆಯುವಾಗಲೇ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ರುಜು ಹಾಕಿಸಿಟ್ಟುಕೊಳ್ಳಿ.