ಸತ್ಯಾಂಶ: ಆರ್‌ಎನ್‌ಎ ತಿದ್ದಿದರೆ ವಂಶವೇ ಬದಲಾಗುತ್ತದೆಯೇ?

ಸಿಂಧನೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: 'ಕೋವಿಡ್ ಲಸಿಕೆ ನಮ್ಮ ಆರ್‌ಎನ್‌ಎ ತಿದ್ದಿದೆ, ಹುಟ್ಟುವ ಮಕ್ಕಳಿಗೂ ಅದೇ ಗತಿ.' ಆರ್‌ಎನ್‌ಎ ಅಂದರೆ ನಮ್ಮ ಜೀನುಗಳಿಂದ ಜೀವಕೋಶ ಮಾಡಿಕೊಳ್ಳುವ ನಕಲು. ನಮ್ಮಲ್ಲಿ ಬಹುಪಾಲು ಜನ ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಆರ್‌ಎನ್‌ಎಯಿಂದ ಮಾಡುವ ಎಂಆರ್‌ಎನ್‌ಎ ಲಸಿಕೆಗಳೇ ಅಲ್ಲ. ಅದಿರಲಿ.

ಆರ್‌ಎನ್‌ಎ ತಿದ್ದುವ ಕೆಲಸ ನಮ್ಮ ಜೀವಕೋಶಗಳಲ್ಲಿ ಸದಾ ನಡೆದೇ ಇರುತ್ತದೆ. ಅಡಾರ್-1 ಎಂಬ ಕಿಣ್ವ ಎರಡೆಳೆ ಆರ್‌ಎನ್‌ಎಯಲ್ಲಿನ ಅಡೆನೋಸಿನ್ ಎಂಬ 'ಅಕ್ಷರ'ವನ್ನು ಇನೋಸಿನ್ ಎಂಬ ಇನ್ನೊಂದಾಗಿ ಬದಲಿಸುತ್ತದೆ. ಆ ಗುರುತು ಕಂಡರೆ ರೋಗನಿರೋಧಕ ವ್ಯವಸ್ಥೆ 'ನಮ್ಮದೇ' ಎಂದು ಸುಮ್ಮನಿರುತ್ತದೆ. ಕಿಣ್ವ ಕೈಕೊಟ್ಟರೆ ಎಂಡಿಎ5 ಎಂಬ ಕಾವಲು ಪ್ರೋಟೀನ್ ಸ್ವಂತ ಆರ್‌ಎನ್‌ಎಯನ್ನೇ ವೈರಸ್ ಎಂದು ತಿಳಿದು ಗದ್ದಲ ಎಬ್ಬಿಸುತ್ತದೆ, ವೈರಸ್ ವಿರುದ್ಧ ಎಚ್ಚರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಏರುತ್ತದೆ. ಎಳೆಮಕ್ಕಳ ಮಿದುಳನ್ನು ಕಾಡುವ ಅಪರೂಪದ ಐಕಾರ್ಡಿ-ಗುಟಿಯೇರ್ ಸಿಂಡ್ರೋಮ್‌ಗೆ ಇದೂ ಒಂದು ಕಾರಣವೆಂದು 2012ರಲ್ಲಿ ಗೊತ್ತಾಯಿತು.

ತಿದ್ದಿದ ಆರ್‌ಎನ್‌ಎ ಬೇಗ ಕರಗಿಹೋಗುತ್ತದೆ, ಜೀನುಗಳಿರುವ ಡಿಎನ್‌ಎಯನ್ನು ಮುಟ್ಟುವುದಿಲ್ಲ. ಈ ಕಾಯಿಲೆ ವಂಶದಲ್ಲಿ ಬರುವುದು ಜೀನಿನಲ್ಲೇ ಇರುವ ದೋಷದಿಂದ. ಹೆಚ್ಚಾಗಿ ತಂದೆ, ತಾಯಿ ಇಬ್ಬರಿಂದಲೂ ಅದು ಬಂದಾಗ. ರಕ್ತಸಂಬಂಧಿಗಳು ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇರುವ ನಮ್ಮ ರಾಯಚೂರು ಸೀಮೆಯಲ್ಲಿ ಮಕ್ಕಳ ಬಗ್ಗೆ ಕಾಳಜಿ ಇದ್ದವರು ಲಸಿಕೆಗಿಂತ ಮೊದಲು ಈ ಮಾತನ್ನೇ ಡಾಕ್ಟರ ಬಳಿ ಎತ್ತಬೇಕು.