ಯಾರಿಗೂ ಇಲ್ಲದ ಹೆಸರು ಬೇಕಾಗಿದೆ

ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಮೆಸೇಜು. “ಗಂಡು ಮಗುವಿಗೆ ಒಂದು ಯುನೀಕ್ ಹೆಸರು ಹೇಳಿ, ಪ್ಲೀಸ್.” ಕೆಳಗೆ ಷರತ್ತುಗಳು. ಎರಡು ಮೂರು ಅಕ್ಷರ ಮೀರಬಾರದು. ಸಂಸ್ಕೃತದ್ದಾಗಿರಬೇಕು, ಕಿವಿಗೆ ಬಿದ್ದರೆ ಫಾರಿನ್ನಿನದು ಅನ್ನಿಸಬೇಕು. ಅಜ್ಜಿಗೆ ಕರೆಯೋಕೆ ಬರಬೇಕು, ಅಜ್ಜಿ ಕಾಲದ್ದಾಗಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಭೂಮಿ ಮೇಲೆ ಇನ್ಯಾರಿಗೂ ಇರಬಾರದು. ಯಾರಿಗೂ ಇರಬಾರದ ಹೆಸರನ್ನು ಊರಿಗೆಲ್ಲ ಡಂಗುರ ಸಾರಿ ಕೇಳುವ ಈ ಜಾಣತನಕ್ಕೆ ಕೈ ಮುಗಿಯಬೇಕು.

ಉತ್ತರಗಳು ಬರುತ್ತವೆ. ಆರವ್, ವಿಹಾನ್, ವಿವಾನ್, ಅಯಾನ್, ಕಿಯಾನ್. ಹೆಣ್ಣಾದರೆ ಸಾನ್ವಿ, ಶಾನ್ವಿ, ಮಾನ್ವಿ, ತನ್ವಿ. ಹಳಗನ್ನಡದ ಕವಿಗಳು ದ್ವಿತೀಯಾಕ್ಷರ ಪ್ರಾಸಕ್ಕಾಗಿ ಪಾಪ ಎಷ್ಟು ತಿಣುಕುತ್ತಿದ್ದರೋ. ಈಗ ಎಲ್‌ಕೆಜಿಯ ಮಿಸ್ಸು ಹಾಜರಿ ಪುಸ್ತಕ ತೆರೆದು ಓದಿದರೆ ಸಾಕು, ಷಟ್ಪದಿ ತಾನಾಗಿಯೇ ಹರಿಯುತ್ತದೆ. ಹಿಂದೆ ಒಂದೇ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರೂ ಯಾರಿಗೂ ತಾವು ಅಪೂರ್ವರೆಂಬ ಭ್ರಮೆ ಇರಲಿಲ್ಲ. ಇನಿಷಿಯಲ್ ಹಚ್ಚಿ ಕರೆದರೆ ಮೂವರೂ ತೃಪ್ತರು. ಈಗ ಮೂವರು ವಿಹಾನರ ಅಪ್ಪಂದಿರು ಪೇರೆಂಟ್ಸ್ ಮೀಟಿಂಗಿನಲ್ಲಿ ಎದುರಾಬದುರಾ ಕೂತು ಒಬ್ಬರನ್ನೊಬ್ಬರು ಕಳ್ಳರನ್ನು ನೋಡಿದ ಹಾಗೆ ನೋಡುತ್ತಾರೆ.

ಇದು ನಮ್ಮವರಿಗೆ ಮಾತ್ರ ಬಡಿದದ್ದಲ್ಲ. ಅಮೆರಿಕದಲ್ಲಿ ಏಡನ್, ಜೇಡನ್, ಬ್ರೇಡನ್, ಕೇಡನ್, ಹೇಡನ್ ಎಂಬ ಹುಡುಗರ ಒಂದು ತಲೆಮಾರೇ ಇದೆ. ಒಬ್ಬೊಬ್ಬನ ಅಪ್ಪ ಅಮ್ಮನೂ “ನಮ್ಮದು ಸ್ವಲ್ಪ ಡಿಫರೆಂಟ್” ಅಂದುಕೊಂಡೇ ಇಟ್ಟಿದ್ದು. ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಹತ್ತಿರ 1880ರಿಂದ ಈಚಿನ ಹೆಸರುಗಳ ಲೆಕ್ಕ ಇದೆ. 1946ರವರೆಗೆ ಹೆಣ್ಣುಮಕ್ಕಳಲ್ಲಿ ಮೇರಿಯೇ ಮೊದಲು. ಅಷ್ಟರಲ್ಲಿ ಲಿಂಡಾ ಎಂದೊಂದು ಹಾಡು ಬಂತು, ಮರುವರ್ಷ ಮೇರಿ ಎರಡನೇ ಸ್ಥಾನಕ್ಕೆ. 1970ರಿಂದ 1984ರವರೆಗೆ ಸತತ ಹದಿನೈದು ವರ್ಷ ಜೆನಿಫರ್. ಆ ಜೆನಿಫರ್‌ಗಳೆಲ್ಲ ಬೆಳೆದು, ತಮ್ಮ ಮಕ್ಕಳಿಗೆ ಈ ಗತಿ ಬೇಡವೆಂದು ಶಪಥ ತೊಟ್ಟರೋ ಏನೋ. ಆ ಶಪಥದ ಫಲವೇ ಜೇಡನ್.

ಸೀರಿಯಲ್ ನೋಡಿ ಹೆಸರಿಡುವವರನ್ನು ನಾನು ವಿಶೇಷವಾಗಿ ಗೌರವಿಸುತ್ತೇನೆ. ಕಥೆ ಮುಗಿಯುವ ಮೊದಲೇ ಮಗುವನ್ನು ಪಣಕ್ಕಿಡುವುದಕ್ಕೆ ಎಂಟೆದೆ ಬೇಕು. ‘ಗೇಮ್ ಆಫ್ ಥ್ರೋನ್ಸ್’ ಕಾಲದಲ್ಲಿ, 2018ರ ಒಂದೇ ವರ್ಷ, ಅಮೆರಿಕದ 560 ಹೆಣ್ಣುಮಕ್ಕಳಿಗೆ ಖಲೀಸಿ ಎಂದು ಹೆಸರಿಟ್ಟರು. ಅದು ಹೆಸರೂ ಅಲ್ಲ, ಆ ಕಥೆಯಲ್ಲಿ ರಾಣಿಯನ್ನು ಕರೆಯುವ ಬಿರುದು. ದೀನರ ಪಾಲಿನ ದೇವತೆ, ಗುಲಾಮರ ಸಂಕೋಲೆ ಕಡಿದವಳು, ಇನ್ನೇನು ಬೇಕು? ಮರುವರ್ಷ ಮೇ ತಿಂಗಳಲ್ಲಿ ಆ ಮಹಾತಾಯಿ ಡ್ರ್ಯಾಗನ್ ಏರಿ ಬಂದು, ಶರಣಾದ ಊರನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟು ಬೂದಿ ಮಾಡಿದಳು. 560 ತೊಟ್ಟಿಲುಗಳ ಪಕ್ಕ ಅಂದು ರಾತ್ರಿ ಎಂಥ ಮೌನ ಕವಿದಿರಬೇಕು!

ಪಾಪ, ಅಲೆಕ್ಸಾಗಳದ್ದು ಇನ್ನೊಂದು ಕಥೆ. ಅವರ ಅಪ್ಪ ಅಮ್ಮ ಯಾವ ಟ್ರೆಂಡಿನ ಹಿಂದೆಯೂ ಓಡಿರಲಿಲ್ಲ, ಟ್ರೆಂಡೇ ಬಂದು ಅವರ ಮೇಲೆ ಬಿತ್ತು. 2014ರಲ್ಲಿ ಅಮೆಜಾನ್ ತನ್ನ ಮಾತಾಡುವ ಡಬ್ಬಿಯೊಳಗಿನ ದನಿಗೆ ಅದೇ ಹೆಸರಿಟ್ಟಿತು. ಮರುವರ್ಷ ಆರು ಸಾವಿರಕ್ಕೂ ಹೆಚ್ಚು ಅಲೆಕ್ಸಾಗಳು ಹುಟ್ಟಿದ್ದ ಅಮೆರಿಕದಲ್ಲಿ 2020ರ ಹೊತ್ತಿಗೆ ಅದರ ಕಾಲುಭಾಗವೂ ಇಲ್ಲ. “ಅಲೆಕ್ಸಾ, ಲೈಟ್ ಆರಿಸು” ಅಂತ ಕ್ಲಾಸಿನಲ್ಲಿ ದಿನಾ ಕೇಳಿಸಿಕೊಳ್ಳುವ ಹುಡುಗಿಗೆ ಯಾವ ಕಂಪನಿ ಪರಿಹಾರ ಕೊಡುತ್ತದೆ?

ಐಸ್‌ಲ್ಯಾಂಡಿನಲ್ಲಿ ಇದಕ್ಕೆಲ್ಲ ಒಂದು ಸರ್ಕಾರಿ ಸಮಿತಿಯೇ ಇದೆ, 1991ರಿಂದ. ಪಟ್ಟಿಯಲ್ಲಿಲ್ಲದ ಹೆಸರು ತಂದರೆ ಅದಕ್ಕೆ ಅವರ ಭಾಷೆಯ ವಿಭಕ್ತಿ ಪ್ರತ್ಯಯ ಹತ್ತುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲೂ ಇಂಥದ್ದೊಂದು ಬೇಕಿತ್ತು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಮೂಗಿನ ತುದಿಗೆ ಕನ್ನಡಕ ಇಳಿಸಿ “ಕಿಯಾನನು, ಕಿಯಾನನನ್ನು, ಕಿಯಾನನಿಂದ...” ಅಂತ ಶುರು ಮಾಡಿದರೆ ಷಷ್ಠಿಗೆ ಬರುವಷ್ಟರಲ್ಲಿ ಅರ್ಜಿದಾರರು ಬಾಗಿಲು ದಾಟಿರುತ್ತಾರೆ. ನ್ಯೂಜಿಲೆಂಡಿನಲ್ಲಿ ಹೆಸರು ಎಪ್ಪತ್ತು ಅಕ್ಷರ ಮೀರುವಂತಿಲ್ಲ, ಪದವಿ ಬಿರುದುಗಳನ್ನು ಹೆಸರಾಗಿಡುವಂತಿಲ್ಲ. ಆದರೂ ‘ಕಿಂಗ್’, ‘ಪ್ರಿನ್ಸ್’ ಅಂತ ಬರೆದುಕೊಂಡು ಹೋಗಿ ಬೈಸಿಕೊಂಡು ಬರುವ ಅಪ್ಪಂದಿರು ಪ್ರತಿವರ್ಷ ಇದ್ದೇ ಇರುತ್ತಾರೆ. ಇನ್ನು ಇಲಾನ್ ಮಸ್ಕ್ 2020ರಲ್ಲಿ ಮಗನ ಹೆಸರಿನ ಕೊನೆಗೆ 12 ಅಂತ ಸೇರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಹೆಸರಿಗೆ ಅಂಕಿ ಹಾಕುವಂತಿಲ್ಲ ಎಂದಾಗ ಅದನ್ನೇ ರೋಮನ್ ಅಂಕಿ ಮಾಡಿದರು. ರಾಕೆಟ್ ಹಾರಿಸುವವರ ತಲೆಯೇ ತಲೆ.

ಹುಣಸೂರು ಕೋರ್ಟಿನ ಕೇಸಂತೂ ಎಲ್ಲರಿಗೂ ಗೊತ್ತೇ ಇದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರದ್ದು ಮೂರು ವರ್ಷ ನಡೆಯಿತು, ಮಗುವಿನ ಹೆಸರಿಗಾಗಿ. ಕೊನೆಗೆ 2024ರ ಡಿಸೆಂಬರಿನಲ್ಲಿ ಕೋರ್ಟೇ ಹೆಸರಿಟ್ಟು ಇಬ್ಬರನ್ನೂ ಒಂದು ಮಾಡಿ ಕಳಿಸಿತು. ಅದರ ಹಿಂದಿನ ವರ್ಷ ಕೇರಳ ಹೈಕೋರ್ಟಿಗೂ ಇದೇ ಕೆಲಸ ಬಿದ್ದಿತ್ತು. ನ್ಯಾಯಾಧೀಶರ ಮುಂದೆ ಕಡತದ ಗುಡ್ಡವೇ ಇರುವ ದೇಶದಲ್ಲಿ ಇದೂ ಒಂದು.

ಹೆಸರು ಸಿಕ್ಕಮೇಲಾದರೂ ಸುಮ್ಮನಿರುತ್ತಾರಾ? ಸಂಖ್ಯಾಶಾಸ್ತ್ರದವರ ಹತ್ತಿರ ಓಡಿ ಇಂಗ್ಲಿಷಿನಲ್ಲಿ ಎರಡು ‘ಎ’ ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಾರೆ. ಕುಲಾವಿಯ ಕಾಲ ಹೋಯಿತು, ಈಗ ಕೂಸು ಹುಟ್ಟುವ ಮುನ್ನ ಅದರ ಹೆಸರಲ್ಲಿ ಇನ್‌ಸ್ಟಾಗ್ರಾಮ್ ಖಾತೆ. ಆ ಎರಡು ‘ಎ’ಗಳ ಪೈಕಿ ಒಂದು ಆಧಾರ್‌ನಲ್ಲಿ ಬಿಟ್ಟುಹೋಗಿ, ಇನ್ನೊಂದು ಮಾರ್ಕ್ಸ್ ಕಾರ್ಡಿನಲ್ಲಿ ಬೇರೆ ಕಡೆ ಸೇರಿಕೊಂಡು, ಮಗು ದೊಡ್ಡದಾದ ಮೇಲೆ ಅಫಿಡವಿಟ್ ಹಿಡಿದು ಅಲೆಯುತ್ತದೆ. ಅಪ್ಪ ಅಮ್ಮನಿಗೆ ಲೈಕು, ಮಗುವಿಗೆ ನೋಟರಿ.

ನಗು ಇಲ್ಲಿಗೆ ನಿಲ್ಲಿಸುತ್ತೇನೆ. ಜರ್ಮನಿಯಲ್ಲಿ 1991ರ ಆಸುಪಾಸಿನಲ್ಲಿ, ಒಂದು ಸಿನಿಮಾದ ಹುಡುಗನಿಂದಾಗಿ, ಎಲ್ಲೆಲ್ಲೂ ಕೆವಿನ್ ಎಂಬ ಹೆಸರು. ಆಮೇಲೆ ಅದು ಓದುಬರಹ ಕಮ್ಮಿ ಇರುವ ಮನೆಗಳ ಹೆಸರು ಅಂತ ಮೂಗು ಮುರಿಯುವುದು ಶುರುವಾಯಿತು. 2009ರಲ್ಲಿ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದವರು ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಹೆಸರುಗಳ ಬಗ್ಗೆ ಕೇಳಿದರು. ಮ್ಯಾಕ್ಸಿಮಿಲಿಯನ್ ಅಂದರೆ ಜಾಣ, ಕೆವಿನ್ ಅಂದರೆ ತಂಟೆಕೋರ. ಒಬ್ಬ ಶಿಕ್ಷಕರು ಬರೆದ ಸಾಲು ಇದು: “ಕೆವಿನ್ ಎಂಬುದು ಹೆಸರಲ್ಲ, ರೋಗದ ಪತ್ತೆ.” ಆರು ವರ್ಷದ ಹುಡುಗನ ಬಗ್ಗೆ ಬರೆದದ್ದು. ಅವನಿನ್ನೂ ಬೆಂಚಿನ ಮೇಲೆ ನೆಟ್ಟಗೆ ಕೂತಿರಲಿಲ್ಲ. ಟಾಕೀಸಿಗೆ ಹೋದದ್ದು ಅಪ್ಪ ಅಮ್ಮ, ಅಂಕ ಕಳೆದುಕೊಳ್ಳುವುದು ಅವನು. 2020ರಲ್ಲಿ ನಮ್ಮ ದೇಶದಲ್ಲೇ ಅವಳಿ ಕೂಸುಗಳಿಗೆ ಕೊರೊನಾ, ಕೋವಿಡ್ ಎಂದು ಹೆಸರಿಟ್ಟ ಸುದ್ದಿಯನ್ನು ಟೀವಿಯವರು ನಗುನಗುತ್ತಾ ತೋರಿಸಿದ್ದರು. ಜನ ಹೆಣ ಸುಡಲು ಜಾಗ ಹುಡುಕಿದ ರೋಗದ ಹೆಸರು ಅದು. ಯಾರಿಗೂ ನಾಚಿಕೆ ಅನ್ನುವುದೇ ಇಲ್ಲವಾ?

ಬಿಡಿ. ಹಳೇ ಹೆಸರುಗಳು ಮತ್ತೆ ಬರುತ್ತವಂತೆ. ಅಮೆರಿಕದಲ್ಲಿ ಮುತ್ತಜ್ಜನ ಕಾಲದ ಥಿಯೋಡರ್ ಈಗ ಮೊದಲ ಹತ್ತರೊಳಗೆ ಬಂದು ಕೂತಿದ್ದಾನೆ. ಆ ಲೆಕ್ಕದಲ್ಲಿ ಇನ್ನೊಂದು ಮೂವತ್ತು ವರ್ಷಕ್ಕೆ ನಮ್ಮಲ್ಲೂ ಗುಂಡಪ್ಪ, ಕೆಂಚಮ್ಮ, ತಿಮ್ಮಕ್ಕನವರಿಗೆ ಯೋಗ ಇದೆ. ಎಲ್‌ಕೆಜಿಯಲ್ಲಿ ನಾಲ್ಕು ಜನ ಗುಂಡಪ್ಪಂದಿರು, ನಾಲ್ವರ ಸ್ಪೆಲ್ಲಿಂಗೂ ಬೇರೆ ಬೇರೆ.