ಗೂಬೆಯ ಕಾಲಿನ ಬಳೆಯಲ್ಲಿ ಚಿಪ್ ಇದೆಯಾ?

"ಮಕ್ಕಳ ಕೈಯಲ್ಲಿ ಗೂಬೆ ಹಿಡಿಸಿ, ಕಾಲಿಗೆ ಚಿಪ್ ಕಟ್ಟಿ ಬಿಡುತ್ತಾರೆ. ಪಾಪ, ಆ ಹಕ್ಕಿ ಬದುಕೋದಿಲ್ಲ." ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಕಳಿಸಿದವರ ಕಾಳಜಿ ಒಳ್ಳೆಯದೇ. ಆದರೆ ಮಾಹಿತಿ ತಪ್ಪು.

ಅದು ಚಿಪ್ ಅಲ್ಲ. ಹಗುರವಾದ ಅಲ್ಯೂಮಿನಿಯಂ ಬಳೆ. ಮೇಲೆ ಒಂದು ನಂಬರ್, ಅಷ್ಟೇ. ಅದೇ ಹಕ್ಕಿ ಮತ್ತೆ ಸಿಕ್ಕಾಗ ಮಾತ್ರ ಎಲ್ಲಿಂದ ಎಲ್ಲಿಗೆ ಹೋಗಿತ್ತು ಅಂತ ತಿಳಿಯುತ್ತದೆ.

ಅಮೆರಿಕ, ಕೆನಡಾದಲ್ಲಿ ಅಕ್ಟೋಬರ್, ನವೆಂಬರ್‌ ರಾತ್ರಿಗಳಲ್ಲಿ ಸಾ-ವೆಟ್ ಎಂಬ ಪುಟ್ಟ ಗೂಬೆ ದಕ್ಷಿಣಕ್ಕೆ ವಲಸೆ ಹೋಗುತ್ತದೆ. ತೂಕ 100 ಗ್ರಾಂ ಆಸುಪಾಸು. ಸಂಶೋಧಕರು ಗಂಡಿನ ಕೂಗಿನ ರೆಕಾರ್ಡಿಂಗ್ ಹಾಕಿ, ಅದನ್ನು ತೆಳ್ಳನೆಯ ಬಲೆಯಲ್ಲಿ ಹಿಡಿಯುತ್ತಾರೆ. ಬಲೆಯನ್ನು ಆಗಾಗ ನೋಡುತ್ತಲೇ ಇರುತ್ತಾರೆ. ಬಳೆ ಹಾಕುವುದು ತರಬೇತಿ, ಪರವಾನಗಿ ಇರುವವರು. ವಿದ್ಯಾರ್ಥಿಗಳು ಅವರ ಕಣ್ಣೆದುರಲ್ಲೇ ಅಳತೆ ಬರೆದುಕೊಳ್ಳುತ್ತಾರೆ, ಕೆಲಸ ಕಲಿಯುತ್ತಾರೆ. ನನಗೆ ತುಂಬಾ ಇಷ್ಟವಾಗುವ ಭಾಗ ಮುಂದಿನದು. ರೆಕ್ಕೆಯ ಅಡಿಗೆ ನೇರಳಾತೀತ ದೀಪ ಹಿಡಿದರೆ ಹೊಸ ಗರಿಗಳು ಗುಲಾಬಿ ಬಣ್ಣದಲ್ಲಿ ಹೊಳೆಯುತ್ತವೆ! ಹಳೆಯ ಗರಿಗಳು ಮಂಕಾಗಿರುತ್ತವೆ. ಅದನ್ನು ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಆಮೇಲೆ ಹಕ್ಕಿಯನ್ನು ಬಿಟ್ಟುಬಿಡುತ್ತಾರೆ.

ಬಳೆಯಿಂದ ಹಕ್ಕಿ ಸಾಯುತ್ತದಾ? 1956ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಬಳೆ ಹಾಕಿಸಿಕೊಂಡ ವಿಸ್ಡಮ್ ಎಂಬ ಆಲ್ಬಟ್ರಾಸ್ (ದೊಡ್ಡ ಕಡಲಹಕ್ಕಿ) 2024ರಲ್ಲೂ ಮೊಟ್ಟೆ ಇಟ್ಟಿತು. ಹಿಡಿಯುವಾಗ ಅಪಾಯ ಸ್ವಲ್ಪವೂ ಇಲ್ಲ ಅಂತಲ್ಲ, ಅದಕ್ಕೇ ತರಬೇತಿ ಕಡ್ಡಾಯ.

ನಮ್ಮಲ್ಲೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಿಂದ ಈ ಕೆಲಸ ಮಾಡುತ್ತಿದೆ. ಬಳೆ ಇರುವ ಹಕ್ಕಿ ಕಂಡರೆ ಬಳೆ ಕೀಳಬೇಡಿ. ನಂಬರಿನ ಫೋಟೋ ತೆಗೆದು ಅವರಿಗೆ ಕಳಿಸಿ.